58 ತುಂಬಿತು, ಕೈ ಇನ್ನೂ ಆಡ್ತಿದೆ: ರಿಟೈರ್ ಆದ ಮೇಲಿನ ಕೆಲಸದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಎರಡು ಹಾಳೆ ಕಾಗದದಿಂದ ಶುರುವಾಗುತ್ತೆ.

ಹೋದ ವರ್ಷ, ಅಂದ್ರೆ 2025ರ ಆಗಸ್ಟ್‌ನಲ್ಲಿ, ಒಂದು ಭಾನುವಾರ ನಮ್ಮ ದೊಡ್ಡಪ್ಪ ಗುಬ್ಬಿಯಿಂದ ತುಮಕೂರಿಗೆ ನಮ್ಮನೆಗೆ ಬಂದ್ರು. ಕಾಫಿ ಕುಡಿದು, ಜೇಬಿಂದ ಎರಡು ಹಾಳೆ ತೆಗೆದು ನನ್ನ ಮುಂದೆ ಇಟ್ರು. ಎರಡೂ ಇಂಗ್ಲಿಷಲ್ಲಿದ್ವು. "ನೀನು ಬಿಕಾಂ ಓದಿದ್ದೀಯಲ್ಲ, ಇದ್ರಲ್ಲಿ ಏನ್ ಬರ್ದವ್ರೆ ಅಂತ ಸರಿಯಾಗಿ ಓದಿ ಹೇಳು. ನಾಳೆ ಸೈನ್ ಹಾಕ್ಬೇಕಂತೆ" ಅಂದ್ರು.

ಮೊದಲನೇ ಹಾಳೆ ಅವರು ಕೆಲಸ ಮಾಡೋ ಕಾರ್ಖಾನೆಯದು. ತುಮಕೂರಿನ ಕೈಗಾರಿಕಾ ಪ್ರದೇಶದಲ್ಲಿರೋ ಒಂದು ಸಣ್ಣ ಘಟಕ, ನಲವತ್ತು ಚಿಲ್ಲರೆ ಜನ. ಹೆಸರು ಬೇಡ. "ನಿಮಗೆ 58 ವರ್ಷ ತುಂಬಿದೆ, ಆಗಸ್ಟ್ 31ಕ್ಕೆ ನೀವು ನಿವೃತ್ತರು" ಅಂತ ಅದರ ಸಾರಾಂಶ. ಎರಡನೇ ಹಾಳೆ ಒಂದು ಲೇಬರ್ ಏಜೆನ್ಸಿಯದು. ಸೆಪ್ಟೆಂಬರ್ 1ರಿಂದ ಅದೇ ಕಾರ್ಖಾನೆ, ಅದೇ ಲೇತ್, ಅದೇ ಶಿಫ್ಟ್. ಸಂಬಳ ಮಾತ್ರ 20,000 ಇದ್ದದ್ದು 14,000.

ಅಂದ್ರೆ ಭಾನುವಾರ ಮುದುಕರಾಗಿ ಮನೆಗೆ ಹೋಗ್ಬೇಕು, ಸೋಮವಾರ ಆರು ಸಾವಿರ ಕಡಿಮೆಗೆ ವಾಪಸ್ ಬರ್ಬೇಕು.

"ಏಜೆನ್ಸಿಯವನು ಹೇಳ್ದ, ನಿಮಗೆ ಪೆನ್ಷನ್ ಬರುತ್ತಲ್ಲ ಸಾರ್, ಎರಡೂ ಸೇರಿಸಿದ್ರೆ ಸರಿಹೋಗುತ್ತೆ ಅಂತ. ಸರಿಹೋಗುತ್ತಾ?" ಅಂತ ದೊಡ್ಡಪ್ಪ ಕೇಳಿದ್ರು. ಆವತ್ತು ನನಗೆ ಉತ್ತರ ಗೊತ್ತಿರ್ಲಿಲ್ಲ. ಆ ರಾತ್ರಿ ಕೂತು ತಿಳ್ಕೊಂಡಿದ್ದು, ಆಮೇಲಿನ ತಿಂಗಳುಗಳಲ್ಲಿ ಓದಿದ್ದು, ಇವತ್ತು ನಿಮಗೆ ಹೇಳ್ತೀನಿ. ನಿಮ್ಮನೇಲೂ 55 ದಾಟಿದ ಅಪ್ಪನೋ ಅಮ್ಮನೋ ಮಾವನೋ ಇರ್ತಾರೆ. ಅವರಿಗೆ ಈ ಕಾಗದ ಬರೋಕೆ ಮುಂಚೆ ಕೇಳಿಸ್ಕೊಳ್ಳಿ.

ನಿವೃತ್ತಿ ವಯಸ್ಸು ಅನ್ನೋದು ಒಂದೇ ಅಲ್ಲ

ನಾವು ಸುಮ್ನೆ "ರಿಟೈರ್‌ಮೆಂಟ್ ಏಜ್" ಅಂತೀವಿ. ನಿಜವಾಗಿ ನಮ್ಮ ರಾಜ್ಯದಲ್ಲಿ ಅದು ಒಂದಕ್ಕಿಂತ ಹೆಚ್ಚು ಇದೆ, ಜನ ಅವನ್ನ ಕಲಸಿಬಿಡ್ತಾರೆ.

ಒಂದು, ಸರ್ಕಾರಿ ನೌಕರರದ್ದು. ಕರ್ನಾಟಕದಲ್ಲಿ ಇದು 60. 2008ರವರೆಗೆ 58 ಇತ್ತು. ಪಕ್ಕದ ರಾಜ್ಯಗಳನ್ನ ನೋಡಿ: ತೆಲಂಗಾಣ 2021ರಲ್ಲಿ 61 ಮಾಡ್ತು, ಆಂಧ್ರ 2022ರಲ್ಲಿ 62 ಮಾಡ್ತು, ಕೇರಳದಲ್ಲಿ ಹಳೇ ಪಿಂಚಣಿ ವ್ಯವಸ್ಥೆಯಲ್ಲಿರೋ ನೌಕರರು 56ಕ್ಕೇ ಮನೆಗೆ. ಕಾಸರಗೋಡಿನ ಮೇಷ್ಟ್ರಿಗೆ 56ಕ್ಕೆ ವಯಸ್ಸಾಗುತ್ತೆ, ಅನಂತಪುರದ ಗುಮಾಸ್ತರಿಗೆ 62ಕ್ಕೆ. ದೇಹ ಎಲ್ಲ ಕಡೆ ಒಂದೇ. ಹಾಗಾಗಿ ಈ ಸಂಖ್ಯೆ ಬರೋದು ಡಾಕ್ಟರಿಂದ ಅಲ್ಲ, ಖಜಾನೆ ಮತ್ತು ರಾಜಕೀಯದಿಂದ.

ಎರಡು, ಖಾಸಗಿ ಕಾರ್ಖಾನೆಗಳದ್ದು. ಕರ್ನಾಟಕ ಸರ್ಕಾರ 2017ರಲ್ಲಿ ಮಾದರಿ ಸ್ಟ್ಯಾಂಡಿಂಗ್ ಆರ್ಡರ್ಸ್ ತಿದ್ದಿ 58 ಇದ್ದದ್ದನ್ನ 60 ಮಾಡ್ತು. ಆದರೆ ಈ ಸ್ಟ್ಯಾಂಡಿಂಗ್ ಆರ್ಡರ್ಸ್ ಎಲ್ಲ ಘಟಕಕ್ಕೂ ಅನ್ವಯ ಆಗಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಂತೂ ಕನಿಷ್ಠ 300 ಕಾರ್ಮಿಕರಿರೋ ಕಡೆ ಮಾತ್ರ. ನಮ್ಮ ದೊಡ್ಡಪ್ಪನಂಥವರು ಇರೋ ನಲವತ್ತು ಜನದ ಘಟಕದಲ್ಲಿ ನೇಮಕಾತಿ ಪತ್ರದಲ್ಲಿ ಏನು ಬರೆದಿದೆಯೋ ಅದೇ ವೇದ. ಅವರ ಪತ್ರದಲ್ಲಿ 58 ಅಂತಿತ್ತು.

ಮೂರು, ಪಿಎಫ್ ಪಿಂಚಣಿಯ ವಯಸ್ಸು. ಇದು 58. 1995ರ ನವೆಂಬರ್ 16ರಂದು ಶುರುವಾದ ನೌಕರರ ಪಿಂಚಣಿ ಯೋಜನೆ, ಇಪಿಎಸ್, ಇಟ್ಟಿರೋ ಗಡಿ. ಎಷ್ಟೋ ಜನ "58ಕ್ಕೆ ಪೆನ್ಷನ್ ಶುರು, ಅಂದ್ರೆ 58ಕ್ಕೆ ಕೆಲಸ ಬಿಡಲೇಬೇಕು" ಅಂದ್ಕೊಂಡಿದಾರೆ. ಹಾಗಿಲ್ಲ. 58 ಆದ ಮೇಲೆ ಪಿಂಚಣಿ ತಗೊಳ್ತಾನೇ ಅದೇ ಕೆಲಸದಲ್ಲಿ ಮುಂದುವರಿಯಬಹುದು. ಆಗ ಮಾಲೀಕರ ಪಾಲಲ್ಲಿ ಪಿಂಚಣಿಗೆ ಹೋಗ್ತಿದ್ದ ಭಾಗವೂ ನಿಮ್ಮ ಪಿಎಫ್ ಖಾತೆಗೇ ಬೀಳುತ್ತೆ.

ಇನ್ನೊಂದು ವಿಚಾರ ಕೇಳಿ. ಸೆಕ್ಯೂರಿಟಿ ಗಾರ್ಡ್ ಕೆಲಸಕ್ಕೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ 65ರ ಮಿತಿ ಇಟ್ಟಿದೆ. ಲೇತ್ ಮುಂದೆ ಎಂಟು ಗಂಟೆ ನಿಲ್ಲೋಕೆ 58ಕ್ಕೆ ಮುದುಕ ಆದವರು, ಎಟಿಎಂ ಮುಂದೆ ರಾತ್ರಿ ಹನ್ನೆರಡು ಗಂಟೆ ಕೂರೋಕೆ 65ರವರೆಗೂ ಗಟ್ಟಿ. ಬಿ.ಎಚ್. ರಸ್ತೆಯಲ್ಲಿ ಒಂದು ಸಲ ರಾತ್ರಿ ಓಡಾಡಿ ನೋಡಿ, ನಾನು ಹೇಳೋದು ಗೊತ್ತಾಗುತ್ತೆ.

ಪೆನ್ಷನ್ ಎಷ್ಟು ಬರುತ್ತೆ?

ಈಗ ಲೆಕ್ಕಕ್ಕೆ ಬರೋಣ. ಇಪಿಎಸ್ ಸೂತ್ರ ಸರಳ: ಪಿಂಚಣಿಗೆ ಪರಿಗಣಿಸೋ ಸಂಬಳ ಗುಣಿಸು ಸೇವೆಯ ವರ್ಷ, ಭಾಗಿಸು 70. ಕನಿಷ್ಠ 10 ವರ್ಷ ಸೇವೆ ಇರಬೇಕು. ಆದರೆ ಸಂಬಳಕ್ಕೆ ಒಂದು ಮೇಲ್ಮಿತಿ ಇದೆ. 2014ರ ಸೆಪ್ಟೆಂಬರ್ 1ಕ್ಕಿಂತ ಹಿಂದಿನ ಸೇವೆಗೆ 6,500, ಆಮೇಲಿನದಕ್ಕೆ 15,000.

ದೊಡ್ಡಪ್ಪ 2009ರ ಸೆಪ್ಟೆಂಬರ್‌ನಲ್ಲಿ ಪಿಎಫ್‌ಗೆ ಸೇರಿದ್ದು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ವರ್ಕ್‌ಶಾಪ್‌ಗಳಲ್ಲಿ ದುಡಿದಿದ್ರು, ಅಲ್ಲಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಆ ಇಪ್ಪತ್ತು ವರ್ಷ ಯಾವ ಲೆಕ್ಕಕ್ಕೂ ಇಲ್ಲ. ಲೆಕ್ಕಕ್ಕಿರೋದು 16 ವರ್ಷ. ಮೊದಲ 5 ವರ್ಷಕ್ಕೆ ತಿಂಗಳಿಗೆ 464 ರೂಪಾಯಿ, ಆಮೇಲಿನ 11 ವರ್ಷಕ್ಕೆ 2,357. ಒಟ್ಟು 2,821 ರೂಪಾಯಿ.

ಏಜೆನ್ಸಿಯವರ ಮಾತಿಗೆ ಇದನ್ನ ಹಚ್ಚಿ ನೋಡಿ. 14,000 ಸೇರಿಸು 2,821 ಅಂದ್ರೆ 16,821. ಹಳೇ ಸಂಬಳಕ್ಕೆ ಮೂರು ಸಾವಿರಕ್ಕೂ ಹೆಚ್ಚು ಕಮ್ಮಿ. ಸರಿಹೋಗಲ್ಲ.

ಸರಿಹೋಗಿದ್ರೂ ಒಂದು ಪ್ರಶ್ನೆ ಇದೆ. ಆ 2,821 ರೂಪಾಯಿ ಹಿಂದಿನ 16 ವರ್ಷದ ದುಡಿಮೆಗೆ ಸಿಗ್ತಾ ಇರೋದು. ನಾಳೆ ಮಾಡೋ ಕೆಲಸಕ್ಕೆ ನಿನ್ನೆಯ ದುಡ್ಡನ್ನ ಸಂಬಳ ಅಂತ ತೋರಿಸೋದು ಹೇಗೆ ನ್ಯಾಯ?

ಇಲ್ಲಿ ಇನ್ನೊಂದು ಆಯ್ಕೆ ಇದೆ. ಪಿಂಚಣಿಯನ್ನ 58ಕ್ಕೆ ತಗೊಳ್ಳದೆ 60ರವರೆಗೆ ಮುಂದಕ್ಕೆ ಹಾಕಬಹುದು, ವರ್ಷಕ್ಕೆ ಶೇ 4 ಜಾಸ್ತಿ ಸಿಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ವಂತಿಗೆ ಕಟ್ಟದೆ ಸುಮ್ನೆ ಮುಂದಕ್ಕೆ ಹಾಕಿದ್ರೆ ಎರಡು ವರ್ಷಕ್ಕೆ ಸಿಗೋದು ಶೇ 8ರಷ್ಟು ಏರಿಕೆ. ದೊಡ್ಡಪ್ಪನ ಲೆಕ್ಕದಲ್ಲಿ ತಿಂಗಳಿಗೆ 230 ರೂಪಾಯಿ. ಅದಕ್ಕಾಗಿ ಬಿಟ್ಟುಕೊಡೋದು 24 ತಿಂಗಳ ಪಿಂಚಣಿ, 67,704 ರೂಪಾಯಿ. ಆ ದುಡ್ಡು ವಾಪಸ್ ಬರೋಕೆ 24 ವರ್ಷಕ್ಕೂ ಹೆಚ್ಚು ಬೇಕು, ಅಂದ್ರೆ ಅವರಿಗೆ 84 ದಾಟಿರುತ್ತೆ. ಆ ಎರಡು ವರ್ಷವೂ ಪಿಂಚಣಿ ವಂತಿಗೆ ಕಟ್ತಾ ಮುಂದಕ್ಕೆ ಹಾಕೋ ದಾರಿಯೂ ಇದೆ, ಅದರಲ್ಲಿ ಲೆಕ್ಕ ಬೇಗ ಸರಿಹೋಗುತ್ತೆ. ಯಾವುದೇ ಆಗ್ಲಿ, ಪಿಎಫ್ ಕಚೇರಿಯಲ್ಲಿ ನಿಮ್ಮ ಸಂಖ್ಯೆ ಹಾಕಿಸಿ ನೋಡದೆ ತೀರ್ಮಾನ ಮಾಡ್ಬೇಡಿ.

ಸೈನ್ ಹಾಕೋ ಮುಂಚೆ ನೋಡಬೇಕಾದ ಮೂರು

ಮೊದಲನೇದು ಗ್ರಾಚುಟಿ. ಐದು ವರ್ಷ ಸೇವೆ ಆಗಿದ್ರೆ ವರ್ಷಕ್ಕೆ 15 ದಿನದ ಸಂಬಳ. ಕೊನೆಯ ಮೂಲ ವೇತನ ಮತ್ತು ಡಿಎ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. 20,000 ಸಂಬಳ, 16 ವರ್ಷಕ್ಕೆ 1,84,615 ರೂಪಾಯಿ. ಇದನ್ನ 30 ದಿನದೊಳಗೆ ಕೊಡ್ಬೇಕು. ಏಜೆನ್ಸಿ ಮೂಲಕ ವಾಪಸ್ ಬಂದ್ರೆ ಸೇವೆ ಸೊನ್ನೆಯಿಂದ ಎಣಿಕೆ. ಹಾಗಾಗಿ "ಕೆಲಸ ಮುಂದುವರಿಯುತ್ತಲ್ಲ, ಗ್ರಾಚುಟಿ ಆಮೇಲೆ ನೋಡೋಣ" ಅಂದ್ರೆ ಒಪ್ಪಬೇಡಿ. ಒಂದೋ ಸೇವೆ ಮುಂದುವರೀಬೇಕು, ಇಲ್ಲ ದುಡ್ಡು ಕೈಗೆ ಬರಬೇಕು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ಕರಾರಿನ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚುಟಿ ಹಕ್ಕು ಬರುತ್ತೆ, ಇದು ನೆನಪಿರಲಿ.

ಎರಡನೇದು ಪಿಎಫ್. ಇದನ್ನ ಹೇಳಿದ್ರೆ ಬಹಳ ಜನ ನಂಬಲ್ಲ. 55 ದಾಟಿ ನಿವೃತ್ತರಾಗಿ ಪಿಎಫ್ ದುಡ್ಡು ಪೂರ್ತಿ ತೆಗೆದುಕೊಂಡವರನ್ನ, ಮತ್ತೆ ಕೆಲಸಕ್ಕೆ ಸೇರಿದಾಗ ಪಿಎಫ್‌ಗೆ ಸೇರಿಸಲೇಬೇಕು ಅನ್ನೋ ಬಾಧ್ಯತೆ 1952ರ ಪಿಎಫ್ ಯೋಜನೆಯಲ್ಲಿ ಮಾಲೀಕರಿಗಿಲ್ಲ. "ಪಿಎಫ್ ಎಲ್ಲ ತೆಗೆದುಬಿಡಿ ಯಜಮಾನ್ರೇ" ಅಂತ ಯಾರಾದ್ರೂ ಅಕ್ಕರೆಯಿಂದ ಹೇಳಿದ್ರೆ, ಆ ಅಕ್ಕರೆಯಲ್ಲಿ ಅವರ ಪಾಲಿನ ಶೇ 12 ಉಳಿತಾಯವೂ ಇರಬಹುದು. ಮದುವೆ, ಆಸ್ಪತ್ರೆ ಅಂತ ತುರ್ತು ಇಲ್ಲದಿದ್ರೆ ಖಾತೆ ಮುಚ್ಚಬೇಡಿ.

ಮೂರನೇದು ಇಎಸ್‌ಐ. ಸಂಬಳ 21,000ದ ಒಳಗಿದ್ರೆ ವಯಸ್ಸು ಎಷ್ಟಾದ್ರೂ ಇಎಸ್‌ಐ ಇರುತ್ತೆ. ಕೆಲಸ ಪೂರ್ತಿ ಬಿಟ್ಟ ಮೇಲೂ, ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದ್ರೆ ಗಂಡ ಹೆಂಡ್ತಿ ಇಬ್ರಿಗೂ ಚಿಕಿತ್ಸೆ ಸಿಗುತ್ತೆ. ನೂರ ಇಪ್ಪತ್ತು ರೂಪಾಯಿ, ವರ್ಷಕ್ಕೆ. ನಮ್ಮ ದೊಡ್ಡಪ್ಪನಿಗೂ ಇದು ಗೊತ್ತಿರ್ಲಿಲ್ಲ.

"ಅವರು ಬಿಟ್ರೆ ತಾನೇ ನಮಗೆ?"

ಈ ವಿಷಯ ಮಾತಾಡ್ತಾ ಇದ್ದಾಗ ಕುಣಿಗಲ್‌ನ ನನ್ನ ಗೆಳೆಯ ಒಬ್ಬ ಸಿಟ್ಟಾದ. ಐಟಿಐ ಮುಗಿಸಿ, ಅಪ್ರೆಂಟಿಸ್ ಮುಗಿಸಿ, ಕಾಯಂ ಕೆಲಸಕ್ಕೆ ಅಲೀತಾ ಇದಾನೆ. "ನಿಮ್ಮ ದೊಡ್ಡಪ್ಪ ಆ ಲೇತ್ ಬಿಟ್ರೆ ತಾನೇ ನನಗೆ ಸಿಗೋದು? ನೀನು ಅವರನ್ನ ಇನ್ನೂ ಕೂರಿಸೋಕೆ ಹೊರಟಿದ್ದೀಯ" ಅಂದ. ಅವನ ಮಾತನ್ನ ತಳ್ಳಿಹಾಕೋಕೆ ಆಗಲ್ಲ.

ಮಂಜೂರಾದ ಹುದ್ದೆ ಇರೋ ಕಡೆ ಅವನು ಹೇಳೋದು ಸರಿ. ಸರ್ಕಾರಿ ಕಚೇರೀಲಿ ಒಂದು ಕುರ್ಚಿ ಅಂದ್ರೆ ಒಬ್ಬರೇ. 2024ರ ಅಕ್ಟೋಬರ್‌ನಲ್ಲಿ ರೈಲ್ವೆ ಮಂಡಳಿ, ನಿವೃತ್ತ ಸಿಬ್ಬಂದಿಯನ್ನ 65 ವರ್ಷದೊಳಗೆ ಎರಡು ವರ್ಷದ ಮಟ್ಟಿಗೆ ವಾಪಸ್ ತಗೋಬಹುದು, ಕೊನೆಯ ಸಂಬಳದಲ್ಲಿ ಪಿಂಚಣಿ ಕಳೆದು ಕೊಡಬಹುದು ಅಂತ ಹೇಳ್ತು. ಲಕ್ಷಾಂತರ ಹುಡುಗರು ರೈಲ್ವೆ ಪರೀಕ್ಷೆಗೆ ಓದ್ತಾ ಇರುವಾಗ ಅವರಿಗೆ ಹೊಟ್ಟೆ ಉರಿಯೋದು ಸಹಜ. ಖಾಲಿ ಹುದ್ದೆಗೆ ನೇಮಕಾತಿ ಮಾಡದೆ ನಿವೃತ್ತರಿಂದ ತೇಪೆ ಹಾಕೋದು ಹಿರಿಯರಿಗೆ ಗೌರವ ಅಲ್ಲ, ಕಿರಿಯರಿಗೆ ನ್ಯಾಯವೂ ಅಲ್ಲ.

ಆದರೆ ಲೇತ್ ವಿಷಯ ಬೇರೆ. ನಾನು ಗೆಳೆಯನಿಗೆ ಕೇಳ್ದೆ: "ದೊಡ್ಡಪ್ಪ 14,000ಕ್ಕೆ ಸಿಗ್ತಾರೆ ಅಂದ್ರೆ, ಮಾಲೀಕರು ನಿನಗೆ 20,000 ಯಾಕೆ ಕೊಡ್ತಾರೆ?" ಅವನು ಸುಮ್ನಾದ. ಮೂವತ್ತೈದು ವರ್ಷದ ಅನುಭವ ಅಗ್ಗಕ್ಕೆ ಸಿಕ್ಕಿದ್ರೆ, ಅನುಭವ ಇಲ್ಲದವನ ಬೆಲೆ ಇನ್ನೂ ಇಳಿಯುತ್ತೆ. ಹುಡುಗರ ದಾರಿಗೆ ಅಡ್ಡ ಇರೋದು ಹಿರಿಯರ ವಯಸ್ಸಲ್ಲ, ಅವರಿಗೆ ಕಟ್ಟಿದ ಅಗ್ಗದ ಬೆಲೆ. ದೊಡ್ಡಪ್ಪ ಸರಿಯಾದ ಸಂಬಳ ಕೇಳಿದ್ರೆ ಅದು ನನ್ನ ಗೆಳೆಯನಿಗೂ ಒಳ್ಳೇದು.

ಈ ಜಗಳ ನಮ್ಮೂರಿಗಷ್ಟೇ ಸೀಮಿತ ಅಲ್ಲ. ಜಪಾನ್‌ನಲ್ಲಿ 65ರವರೆಗೆ ಕೆಲಸ ಕೊಡೋದು ಕಂಪನಿಗಳ ಬಾಧ್ಯತೆ, 2021ರ ಏಪ್ರಿಲ್‌ನಿಂದ 70ರವರೆಗೆ ಪ್ರಯತ್ನ ಮಾಡಬೇಕು ಅಂತಿದೆ. ಅಲ್ಲಿಯೂ 60ಕ್ಕೆ ನಿವೃತ್ತಿ ಮಾಡಿಸಿ ಕಡಿಮೆ ಸಂಬಳಕ್ಕೆ ವಾಪಸ್ ತಗೊಳ್ಳೋದು ಮಾಮೂಲಿ. ನಾಗಸಾವಾ ಅನ್ನೋ ಸಾಗಣೆ ಕಂಪನಿಯ ಮೂವರು ಲಾರಿ ಚಾಲಕರು "ಅದೇ ಲಾರಿ, ಅದೇ ರಸ್ತೆ, ಸಂಬಳ ಯಾಕೆ ಕಮ್ಮಿ?" ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋದ್ರು. 2018ರ ಜೂನ್‌ನಲ್ಲಿ ತೀರ್ಪು ಬಂತು. ನಿವೃತ್ತಿ ನಂತರದ ಸಂಬಳ ವ್ಯತ್ಯಾಸದ ಬಹುಪಾಲನ್ನ ಕೋರ್ಟ್ ಒಪ್ಪಿಕೊಳ್ತು, ಆದರೆ ಪೂರ್ಣ ಹಾಜರಾತಿಗೆ ಕೊಡೋ ಭತ್ಯೆಯನ್ನ ತಪ್ಪಿಸೋ ಹಾಗಿಲ್ಲ ಅಂತು. ಹಾಜರಾತಿಗೆ ವಯಸ್ಸು ಗೊತ್ತಾಗಲ್ಲ ಅಲ್ವಾ?

ನಮ್ಮ ಜಿಲ್ಲೆ ಕಳೆದುಕೊಂಡ ಕೈಗಳು

ಕುಶಲತೆಗೆ ಬೆಲೆ ಕೊಡದಿದ್ರೆ ಏನಾಗುತ್ತೆ ಅನ್ನೋದನ್ನ ತುಮಕೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1978ರಲ್ಲಿ ಇಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯ್ತು. ಒಂದಿಡೀ ತಲೆಮಾರು ಅಲ್ಲಿ ಕೂದಲೆಳೆಯಷ್ಟು ಸಣ್ಣ ಭಾಗಗಳನ್ನ ಜೋಡಿಸೋದು ಕಲಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಡ್ತು. ಉಳಿದಿದ್ದವರಿಗೆ 2007ರ ವೇತನ ಶ್ರೇಣಿಯ ಆಧಾರದಲ್ಲಿ ವಿಆರ್‌ಎಸ್. ಜಾಗ ಇಸ್ರೋಗೆ ಹೋಯ್ತು. ಜಾಗಕ್ಕೆ ಹೊಸ ಕೆಲಸ ಸಿಕ್ತು, ಕೈಗಳಿಗೆ ಸಿಗಲಿಲ್ಲ.

ಈಗ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರುವರಿ 6ಕ್ಕೆ ಉದ್ಘಾಟನೆ ಆಯ್ತು. ಇಂಥ ಕಾರ್ಖಾನೆ ಸುತ್ತ ಬಿಡಿಭಾಗ ಮಾಡೋ ಸಣ್ಣ ಘಟಕಗಳು ಬೆಳೀಬೇಕು ಅಂದ್ರೆ, ಕೂದಲೆಳೆ ವ್ಯತ್ಯಾಸವನ್ನ ಬೆರಳಲ್ಲೇ ಗುರುತಿಸೋರು ಬೇಕು. ಅದು ಐಟಿಐ ಸರ್ಟಿಫಿಕೇಟ್ ಜೊತೆ ಬರಲ್ಲ. ಪಕ್ಕದಲ್ಲಿ ನಿಂತು ತೋರಿಸಿಕೊಡೋ ಒಬ್ಬ ಹಿರಿಯರಿಂದ ಬರುತ್ತೆ.

ಅವರನ್ನ ಉಳಿಸಿಕೊಳ್ಳೋದು ದುಬಾರಿಯೂ ಅಲ್ಲ. ಜರ್ಮನಿಯ ಡಿಂಗೊಲ್ಫಿಂಗ್‌ನ ಬಿಎಂಡಬ್ಲ್ಯು ಕಾರ್ಖಾನೆ 2007ರಲ್ಲಿ ಒಂದು ಸಾಲಿಗೆ ಬೇಕಂತಲೇ ವಯಸ್ಸಾದ ಕಾರ್ಮಿಕರನ್ನ ಹಾಕಿ, ಅವರನ್ನೇ ಕೇಳಿ ಸುಮಾರು 70 ಸಣ್ಣ ಬದಲಾವಣೆ ಮಾಡ್ತು. ಮರದ ನೆಲ, ಕೂರೋಕೆ ಕುರ್ಚಿ, ಭೂತಕನ್ನಡಿ, ಇಂಥವು. ಖರ್ಚಾಗಿದ್ದು ಸುಮಾರು 40,000 ಯೂರೋ, ಉತ್ಪಾದಕತೆ ಒಂದು ವರ್ಷದಲ್ಲಿ ಶೇ 7 ಏರಿತು. ನಮ್ಮ ಸಣ್ಣ ಘಟಕದಲ್ಲಿ ಇದರರ್ಥ ಲೇತ್ ಮೇಲೆ ಒಂದು ಒಳ್ಳೇ ದೀಪ, ಕಾಲಡಿಗೆ ಒಂದು ರಬ್ಬರ್ ಮ್ಯಾಟ್, ಭಾರ ಎತ್ತೋಕೆ ಒಬ್ಬ ಹುಡುಗ.

ಬಾಗಿಲೇ ಇಲ್ಲದವರು

ಇಷ್ಟೊತ್ತು ಮಾತಾಡಿದ್ದು ನಿವೃತ್ತಿ ಅನ್ನೋ ಬಾಗಿಲು ಇರೋರ ಬಗ್ಗೆ. ಗುಬ್ಬಿ ಕಡೆ ಅಡಿಕೆ ಸುಲಿಯೋ ಕಡೆ ಹೋಗಿ, ಕುಣಿಗಲ್ ಕಡೆ ರಾಗಿ ಹೊಲಕ್ಕೆ ಹೋಗಿ, ಅರವತ್ತೈದು ದಾಟಿದ ಹೆಂಗಸರು ಕೆಲಸ ಮಾಡ್ತಾ ಇರ್ತಾರೆ. ಅವರನ್ನ "ಕೆಲಸದಲ್ಲಿ ಉಳಿಸಿಕೊಳ್ಳೋದು ಹೇಗೆ" ಅಂತ ಯಾರೂ ಗೋಷ್ಠಿ ಮಾಡಲ್ಲ. ಬಿಟ್ರೆ ಊಟ ಇಲ್ಲ, ಅದಕ್ಕೇ ಇದಾರೆ. ಸಂಧ್ಯಾ ಸುರಕ್ಷಾದಲ್ಲಿ 65 ಆದವರಿಗೆ ತಿಂಗಳಿಗೆ 1,200 ರೂಪಾಯಿ, ದಿನಕ್ಕೆ ನಲವತ್ತು.

ಶಾಲೆಗಳ ಬಿಸಿಯೂಟ ಮಾಡೋ ತಾಯಂದಿರದ್ದು ಇನ್ನೊಂದು ಥರ. 2022ರಲ್ಲಿ 60 ದಾಟಿದವರನ್ನ ಕೆಲಸದಿಂದ ಬಿಡಿಸಿದ್ರು. ವಯಸ್ಸಿನ ನಿಯಮ ಕಾಯಂ ನೌಕರರ ಥರ, ಪಿಂಚಣಿ ಕೇಳಿದ್ರೆ "ನಿಮ್ಮದು ಗೌರವಧನ". ಅದೇ ವರ್ಷ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚುಟಿ ಹಕ್ಕಿದೆ ಅಂತ ತೀರ್ಪು ಕೊಡ್ತು. ಗೌರವಧನ ಅಂತ ಹೆಸರಿಟ್ರೂ ದುಡಿಮೆ ದುಡಿಮೆಯೇ ಅನ್ನೋದು ಅದರ ಒಳಗಿನ ಮಾತು.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಹಿರಿಯರು ಕೆಲಸದಲ್ಲಿ ಇರೋದು ಒಳ್ಳೇದೋ ಕೆಟ್ಟದ್ದೋ ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಬೇಡ ಅನ್ನೋಕೆ ಆಗೋರು ಮುಂದುವರಿದ್ರೆ ಅದು ಆಯ್ಕೆ. ಬೇಡ ಅನ್ನೋಕೆ ಆಗದೋರು ಮುಂದುವರಿದ್ರೆ ಅದು ಬೇರೆ. ಮೊದಲನೆಯವರಿಗೆ ಸರಿಯಾದ ಕರಾರು ಬೇಕು, ಎರಡನೆಯವರಿಗೆ ಸರಿಯಾದ ಪಿಂಚಣಿ ಬೇಕು.

ದೊಡ್ಡಪ್ಪ ಏನ್ ಮಾಡಿದ್ರು?

ಸೋಮವಾರ ಸೈನ್ ಹಾಕಲಿಲ್ಲ. ಅವರು ಮಾಲೀಕರ ಹತ್ರ ಹೋಗಿ ನಾಲ್ಕು ಕೇಳಿದ್ರು. ಏಜೆನ್ಸಿ ಬೇಡ, ಕಂಪನಿಯ ಪಟ್ಟಿಯಲ್ಲೇ ಒಂದು ವರ್ಷದ ಕರಾರು. ಗ್ರಾಚುಟಿ ಈಗಲೇ. ಪಿಎಫ್ ಖಾತೆ ಮುಂದುವರೀಬೇಕು. ರಾತ್ರಿ ಪಾಳಿ ಬೇಡ, ಸಂಬಳ ಅದೇ 20,000. ಮಾಲೀಕರು ಎರಡು ವಾರ ಎಳೆದ್ರು. ಕೊನೆಗೆ ಸಂಬಳ ಒಂದು ಬಿಟ್ಟು ಉಳಿದಿದ್ದೆಲ್ಲ ಒಪ್ಪಿಕೊಂಡ್ರು. ಸಂಬಳ 17,500ಕ್ಕೆ ನಿಂತಿತು. ಆ ಲೇತ್‌ನಲ್ಲಿ ಅವರಷ್ಟು ಕೆಲಸ ತೆಗೆಯೋರು ಬೇರೆ ಇರ್ಲಿಲ್ಲ, ಅದೇ ಅವರ ಬಲ. ಪಕ್ಕದ ಯಂತ್ರದ ಇನ್ನೊಬ್ಬರಿಗೆ ಆ ಬಲ ಇರ್ಲಿಲ್ಲ, ಅವರು ಏಜೆನ್ಸಿ ಕಾಗದಕ್ಕೇ ಸೈನ್ ಹಾಕಿದ್ರು. ಒಬ್ಬೊಬ್ಬರೇ ಚೌಕಾಸಿ ಮಾಡೋದ್ರ ಮಿತಿ ಅದು.

ಈಗ ದೊಡ್ಡಪ್ಪನ ಪಕ್ಕ ಇಬ್ರು ಹುಡುಗರು ಕೆಲಸ ಕಲೀತಾ ಇದಾರೆ. ಬರೋ ಆಗಸ್ಟ್‌ಗೆ ಕರಾರು ಮುಗಿಯುತ್ತೆ, ಮತ್ತೆ ಕಾಗದ ಬರುತ್ತೆ. ಮೊನ್ನೆ ಫೋನ್ ಮಾಡಿ, "ಈ ಸಲಾನೂ ನೀನೇ ಓದ್ಬೇಕು ಕಣಪ್ಪ" ಅಂದ್ರು. "ಸೈನ್ ಹಾಕೋಕೆ ಒಂದು ವಾರ ಮುಂಚೆ ತಗೊಂಡ್ ಬನ್ನಿ ದೊಡ್ಡಪ್ಪ" ಅಂದೆ.

ನಿಮ್ಮನೆ ಹಿರಿಯರಿಗೂ ಅಷ್ಟೇ ಹೇಳಿ, ಒಂದು ವಾರ ಮುಂಚೆ. ಮನೇಲಿ ಓದಿ ಹೇಳೋರು ಯಾರೂ ಇಲ್ಲ ಅಂದ್ರೆ, ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಉಚಿತ.